ಸಹಿ ಹಾಕದವರ ನೀರು, ಸಹಿ ಹಾಕದವರ ನೆಲ



ಜಾಗತಿಕ ಆಡಳಿತ, ಸಂವಿಧಾನ, ಪರಿಸರ ನ್ಯಾಯ ಎಂದರೆ ದೆಹಲಿಯಲ್ಲೋ ಜಿನೀವಾದಲ್ಲೋ ಕೂತು ಮಾತಾಡುವ ವಿಷಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೇ ಸಂಶೋಧಕರೂ ರೈತರೂ ಸೇರಿರುವ ಈ ಸಭೆ ಇಲ್ಲಿ, ಆಂಧ್ರದ ಚಿಲಮತ್ತೂರು ಸೀಮೆಯಲ್ಲಿ ನಡೆಯುತ್ತಿರುವುದು ನನಗೆ ಸಂತೋಷ ತಂದಿದೆ. ಸಂಶೋಧಕರು ಪುಸ್ತಕದಲ್ಲಿ ಓದುವ ಪ್ರಶ್ನೆಗಳಲ್ಲಿ ಬಹುಪಾಲು ಈ ಮಂಡಲದ ಎಲ್ಲೆಯೊಳಗೇ ಸಿಗುತ್ತವೆ.

ಮೊದಲು ನೀರಿನ ಮಾತು. ನಮ್ಮ ಪಡುವಲಿಗೆ ಪೆನ್ನೆ, ಮೂಡಲಿಗೆ ಚಿತ್ರಾವತಿ. ಎರಡೂ ಹುಟ್ಟುವುದು ಕರ್ನಾಟಕದ ಚಿಕ್ಕಬಳ್ಳಾಪುರದ ಬೆಟ್ಟಸಾಲಿನಲ್ಲಿ. ಪೆನ್ನೆ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಬರುತ್ತದೆ, ಚಿತ್ರಾವತಿ ಬಾಗೇಪಲ್ಲಿ ಹಾದು ಪುಟ್ಟಪರ್ತಿಯ ಕಡೆ ಹೋಗುತ್ತದೆ. 1892ರಲ್ಲಿ ಮದ್ರಾಸ್ ಸರ್ಕಾರವೂ ಮೈಸೂರು ಸಂಸ್ಥಾನವೂ ಒಂದು ಒಪ್ಪಂದ ಮಾಡಿಕೊಂಡವು. ಕಾವೇರಿಯ ಜಗಳದಿಂದಾಗಿ ಅದರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಅನುಬಂಧದಲ್ಲಿರುವ ಹದಿನೈದು ದೊಡ್ಡ ನದಿಗಳ ಪಟ್ಟಿಯಲ್ಲಿ ಉತ್ತರ ಪಿನಾಕಿನಿ ಎಂಬ ಹೆಸರಿನಲ್ಲಿ ನಮ್ಮ ಪೆನ್ನೆ, ಚಿತ್ರಾವತಿ, ಪಾಪಾಗ್ನಿ, ಕಲ್ಯಾಣದುರ್ಗದ ಕಡೆಗೆ ಬೇಕಾದ ವೇದಾವತಿಯೂ ಇವೆ. ಈ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಯೋಜನೆಯ ಪೂರ್ತಿ ವಿವರ ಕೊಟ್ಟು ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಮದ್ರಾಸು ಕೂಡ ಮನಸ್ಸು ಬಂದಂತೆ ಬೇಡ ಎನ್ನುವಂತಿರಲಿಲ್ಲ. ಕೆಳಗಿನವರಿಗೆ ಆಗಲೇ ಇರುವ ಹಕ್ಕನ್ನು ಕಾಯಲು ಮಾತ್ರ ಬೇಡ ಎನ್ನಬಹುದಿತ್ತು.

ಮೇಲಿನವರು ಮೊದಲೇ ತಿಳಿಸಬೇಕು, ಕೆಳಗಿನವರಿಗೆ ಹಾನಿಯಾಗಬಾರದು. ನದಿ ಹಂಚಿಕೆಯ ಅಂತರರಾಷ್ಟ್ರೀಯ ಕಾನೂನಿನ ತಿರುಳು ಇದೇ. ವಿಶ್ವಸಂಸ್ಥೆ ಇದನ್ನು ಒಡಂಬಡಿಕೆಯಾಗಿ ಅಂಗೀಕರಿಸಿದ್ದು 1997ರಲ್ಲಿ, ಅದು ಜಾರಿಗೆ ಬಂದದ್ದು 2014ರಲ್ಲಿ. ಭಾರತ 1997ರ ಮತದಾನದಲ್ಲಿ ತಟಸ್ಥವಾಗಿತ್ತು. ಅದಕ್ಕಿಂತ ನೂರೈದು ವರ್ಷ ಮೊದಲೇ ಪೆನ್ನೆಯ ವಿಷಯದಲ್ಲಿ ಈ ತತ್ವ ಕಾಗದದ ಮೇಲೆ ಬಂದಿತ್ತು ಎಂಬುದನ್ನು ಜಾಗತಿಕ ಕಾನೂನಿನ ಚರಿತ್ರೆ ಬರೆಯುವವರು ಗಮನಿಸಬೇಕು.

ಹಾಗಿದ್ದರೆ ನಮ್ಮ ಕೆರೆಗಳೇಕೆ ಒಣಗಿದವು? ಸಹಿ ಹಾಕಿದವರು ಎರಡು ಸರ್ಕಾರಗಳು. ಪೆನ್ನೆಯ ದಡದ ರೈತ ಆ ಕಾಗದದಲ್ಲಿ ಎಲ್ಲೂ ಇಲ್ಲ. ಸರ್ಕಾರ ಅವನ ಪರವಾಗಿ ಕೇಳಿದರೆ ಅವನಿಗೆ ಹಕ್ಕು, ಕೇಳದಿದ್ದರೆ ಇಲ್ಲ. 1953ರಲ್ಲಿ ಅನಂತಪುರ ಆಂಧ್ರಕ್ಕೆ ಸೇರಿತು, 1956ರಲ್ಲಿ ರಾಜ್ಯಗಳ ಗಡಿ ಮತ್ತೆ ಬದಲಾಯಿತು. ಒಪ್ಪಂದ ಉಳಿದುಕೊಂಡಿತು. ಈ ಶತಮಾನದ ಆರಂಭದಲ್ಲಿ ಬಾಗೇಪಲ್ಲಿಯ ಹತ್ತಿರ ಪರಗೋಡಿನಲ್ಲಿ ಕರ್ನಾಟಕ ಚಿತ್ರಾವತಿಗೆ ಅಣೆ ಕಟ್ಟಲು ಹೊರಟಾಗ ಆಂಧ್ರ ಹಿಡಿದದ್ದು ಆ 1892ರ ಕಾಗದವನ್ನೇ. ಆ ಕಡೆ ಕುಡಿಯುವ ನೀರಿಗಾಗಿ ಕಾದಿದ್ದ ಬಾಗೇಪಲ್ಲಿ, ಗುಡಿಬಂಡೆಯ ಜನ. ಈ ಕಡೆ ಕೆರೆಗೆ ನೀರು ಬರುವುದೋ ಇಲ್ಲವೋ ಎಂದು ಹೆದರಿದ ನಮ್ಮ ಜನ. ಎರಡೂ ಕಡೆಯವರು ಒಂದೇ ಬರದ ಮಕ್ಕಳು, ಬಹಳಷ್ಟು ಮಂದಿ ನೆಂಟರು. ಅವರನ್ನು ಒಟ್ಟಿಗೆ ಕೂರಿಸಿ ಕೇಳುವ ವೇದಿಕೆಯನ್ನು ಮಾತ್ರ ಯಾವ ಕಾನೂನೂ ಕಟ್ಟಲಿಲ್ಲ. ಸಂವಿಧಾನದ 262ನೇ ವಿಧಿಯಾಗಲಿ, 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಾಗಲಿ ರಾಜ್ಯಗಳನ್ನೇ ಕಕ್ಷಿಗಳಾಗಿ ಕಾಣುತ್ತವೆ. ಮೇಲಿನಿಂದ ಹರಿದು ಬರಬೇಕಾದ ನೀರು ಬಾರದೆ, ಹಂದ್ರಿ-ನೀವಾ ಯೋಜನೆಯಲ್ಲಿ ಕೃಷ್ಣೆಯ ನೀರನ್ನು ಶ್ರೀಶೈಲದಿಂದ ಎತ್ತಿ ಎತ್ತಿ ಈ ಎತ್ತರಕ್ಕೆ ತರಬೇಕಾಗಿದೆ.

ನೆಲದ ಮಾತು ಇನ್ನೂ ನೋವಿನದು. 2009ರ ಆಸುಪಾಸಿನಲ್ಲಿ ಲೇಪಾಕ್ಷಿ ನಾಲೆಡ್ಜ್ ಹಬ್ ಹೆಸರಿನಲ್ಲಿ ಚಿಲಮತ್ತೂರು, ಗೋರಂಟ್ಲ ಮಂಡಲಗಳ ಎಂಟು ಸಾವಿರ ಎಕರೆಗೂ ಮೀರಿದ ಭೂಮಿ ಕೈಬದಲಾಯಿತು. ಹೇಳಿದ ಉದ್ಯಮ ಬರಲಿಲ್ಲ. ಸಿಬಿಐ ತನಿಖೆ ನಡೆದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಯಾರು ತಪ್ಪಿತಸ್ಥರು ಎಂದು ಹೇಳುವುದು ನ್ಯಾಯಾಲಯದ ಕೆಲಸ. ನಾನು ಕೇಳುವುದು ಬೇರೆ: ಸಾಗುವಳಿ ಮಾಡುತ್ತಿದ್ದವನ ಒಪ್ಪಿಗೆಗೆ ಅಂದು ಎಷ್ಟು ಬೆಲೆ ಇತ್ತು?

ಇದಕ್ಕೆ ಉತ್ತರ ಹುಡುಕುವ ಮೊದಲು ಡಿ-ಪಟ್ಟಾ ಎಂದರೆ ಏನೆಂದು ಹೊರಗಿನ ಮಿತ್ರರಿಗೆ ಹೇಳಬೇಕು. ಭೂಮಿಯಿಲ್ಲದ ಬಡವರಿಗೆ ಸರ್ಕಾರ ಕೊಟ್ಟ ಜಮೀನಿನ ಹಕ್ಕುಪತ್ರ ಅದು. ಉಳ್ಳವರು ಅದನ್ನು ಕೊಂಡುಬಿಡಬಾರದೆಂದು 1977ರ ಆಂಧ್ರದ ಕಾಯ್ದೆ ಅದರ ಮಾರಾಟವನ್ನೇ ನಿಷೇಧಿಸಿತು. ಬಡವನನ್ನು ಕಾಯಲು ಹಾಕಿದ ಈ ಬೇಲಿಯೇ ಅವನಿಗೆ ಮುಳ್ಳಾಯಿತು. ಮಾರುವ ಹಕ್ಕಿಲ್ಲದವನು ಪೂರ್ತಿ ಒಡೆಯನಲ್ಲ, ಆದ್ದರಿಂದ ಸರ್ಕಾರ ಜಮೀನು ಹಿಂದಕ್ಕೆ ಪಡೆದರೆ ಪೂರ್ತಿ ಪರಿಹಾರ ಕೊಡಬೇಕಿಲ್ಲ ಎಂಬ ವಾದ ಬಹುಕಾಲ ನಡೆಯಿತು. 2004ರಲ್ಲಿ ಮೇಕಲ ಪಾಂಡು ಪ್ರಕರಣದಲ್ಲಿ ಆಂಧ್ರ ಹೈಕೋರ್ಟಿನ ವಿಸ್ತೃತ ಪೀಠ ಈ ವಾದವನ್ನು ತಳ್ಳಿಹಾಕಿ, ಡಿ-ಪಟ್ಟಾದವನಿಗೂ ಪೂರ್ತಿ ಹಕ್ಕಿನ ಪಟ್ಟಾ ಭೂಮಿಯ ಒಡೆಯನಷ್ಟೇ ಪರಿಹಾರ ಸಲ್ಲಬೇಕು ಎಂದಿತು. ನನ್ನ ಮಟ್ಟಿಗೆ ಇದು ನಮ್ಮ ಸಂವಿಧಾನದ ದೊಡ್ಡ ತೀರ್ಪುಗಳಲ್ಲಿ ಒಂದು. ಕಾನೂನು ಕಾಲೇಜುಗಳಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಆದರೂ ಪಟ್ಟಾದಾರನಿಗೆ ಒಂದು ಕಾಗದವಾದರೂ ಇತ್ತು. ನಾಲೆಡ್ಜ್ ಹಬ್‌ಗೆ ಹೋದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ, ಕಡಲೆಕಾಯಿ ಕೀಳುವ ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಅದೂ ಇರಲಿಲ್ಲ. ಮೂರು ವರ್ಷದಿಂದ ಆ ನೆಲದ ದುಡಿಮೆಯಿಂದಲೇ ಬದುಕುತ್ತಿದ್ದ ಕೂಲಿಯವರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬ ಎಂದು ಒಪ್ಪಿ, ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿದ ಭೂಸ್ವಾಧೀನ ಕಾಯ್ದೆ ಬಂದದ್ದು 2013ರಲ್ಲಿ. ಚಿಲಮತ್ತೂರಿಗೆ ಅದು ತಡವಾಗಿ ಬಂತು.

ಜಾಗತಿಕ ಕಾನೂನು ಯಾವಾಗಲೂ ಮೇಲಿನಿಂದಲೇ ಇಳಿದು ಬರುತ್ತದೆ ಎಂದು ಯುವ ಸಂಶೋಧಕರು ತಿಳಿಯಬಾರದು. 1993ರಲ್ಲಿ ಗ್ಯಾಟ್ ಎಂಬ ವಿಶ್ವ ವ್ಯಾಪಾರ ಒಪ್ಪಂದದ ವಿರುದ್ಧ ಬೆಂಗಳೂರಿನಲ್ಲಿ ಲಕ್ಷಾಂತರ ರೈತರು ಸೇರಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುನ್ನಡೆಸಿದ ಕರ್ನಾಟಕ ರಾಜ್ಯ ರೈತ ಸಂಘ, ವಿಯಾ ಕಾಂಪೆಸಿನಾ ಎಂಬ ವಿಶ್ವ ರೈತ ಒಕ್ಕೂಟದೊಡನೆ ಕೈಜೋಡಿಸಿತು. ಆ ಒಕ್ಕೂಟದ ದೀರ್ಘ ಒತ್ತಾಯದ ಫಲವಾಗಿ 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಮಹಾಸಭೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಭೂಮಿಯ ಹಕ್ಕು, ಬೀಜದ ಹಕ್ಕು, ತಮ್ಮನ್ನು ತಟ್ಟುವ ತೀರ್ಮಾನಗಳಲ್ಲಿ ಪಾಲ್ಗೊಳ್ಳುವ ಹಕ್ಕು ಅದರಲ್ಲಿವೆ. ಹೊಲದ ಬದುವಿನ ಮೇಲೆ ಎದ್ದ ಮಾತು ನ್ಯೂಯಾರ್ಕಿನ ಸಭೆಯನ್ನು ಮುಟ್ಟಿದ ಉದಾಹರಣೆ ಇದು.

ಸಂಶೋಧಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಪೆನ್ನೆ, ಚಿತ್ರಾವತಿಯ ಮೇಲ್ದಂಡೆ ಕೆಳದಂಡೆಗಳನ್ನು ರಾಜ್ಯದ ಗಡಿ ನೋಡದೆ ಒಟ್ಟಿಗೆ ಅಧ್ಯಯನ ಮಾಡಿ. ಗೌರಿಬಿದನೂರಿನ ಕೆರೆಗಳನ್ನೂ ಹಿಂದೂಪುರದ ಕೆರೆಗಳನ್ನೂ ಒಂದೇ ನಕ್ಷೆಯಲ್ಲಿ ತನ್ನಿ. ಭೂಮಿ ಕಳೆದುಕೊಂಡವರ ಪಟ್ಟಿಯ ಜೊತೆಗೆ, ಪಟ್ಟಿಗೆ ಸೇರದೆ ಉಳಿದವರದನ್ನೂ ಊರೂರಿಗೆ ಹೋಗಿ ಬರೆದುಕೊಳ್ಳಿ. ಪಕ್ಕದ ಲೇಪಾಕ್ಷಿಯ ವೀರಭದ್ರ ಗುಡಿಯಲ್ಲಿ ವಿಜಯನಗರದ ಅರಸ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ದತ್ತಿಯ ವಿವರವನ್ನು ಅಂದು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕೊರೆದರು. ನಿಮ್ಮ ವರದಿಯೂ ಇಂಗ್ಲಿಷಿನಲ್ಲೇ ಉಳಿಯದಿರಲಿ. ತೆಲುಗಿನಲ್ಲೂ ಕನ್ನಡದಲ್ಲೂ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿ. ಅಲ್ಲಿ ಜನ ತಿದ್ದಿದ್ದನ್ನು ಸೇರಿಸಿಕೊಂಡ ಮೇಲೆ ಅಚ್ಚಿಗೆ ಕಳಿಸಿ. ಆ ಕೆಲಸವನ್ನು ಯಾವ ಹಳ್ಳಿಗಳಿಂದ ಶುರು ಮಾಡಬೇಕು ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಇಲ್ಲಿರುವ ರೈತರೇ ಹೇಳಲಿ ಎಂದು ಕೇಳಿಕೊಳ್ಳುತ್ತೇನೆ.