ಉಕ್ಕು ತಣಿಯುವ ವೇಗ

ಕಂಟೋನ್ಮೆಂಟ್, ಕೆ.ಆರ್. ಪುರದ ಹಳಿಯಂಚಿನ ಕೇಳುಗರ ಆತಂಕ ಒಂದೇ: ರೈಲಿನ ಗಾಲಿಯನ್ನು ಬಡಿದು ಮಾಡುವುದಿಲ್ಲವಂತೆ, ಎರಕ ಹೊಯ್ಯುತ್ತಾರಂತೆ, ಎರಕದ್ದು ಒಡೆಯದೇ ಇರುತ್ತದೆಯೇ? ಯಲಹಂಕದ ಕಾರ್ಖಾನೆಯಲ್ಲಿ 1984ರಿಂದಲೂ ಗಾಲಿಗಳು ಎರಕದಿಂದಲೇ ಆಗುತ್ತಿವೆ. ಎರಕವೆಂದರೆ ಪೆಡಸು ಎಂಬ ನಂಬಿಕೆ ಬಂದದ್ದು ಎರಕದ ಕಬ್ಬಿಣದಿಂದ. ಅದರಲ್ಲಿ ಇಂಗಾಲ ಶೇ. 2ಕ್ಕೂ ಹೆಚ್ಚು, ಗಾಲಿಯ ಉಕ್ಕಿನಲ್ಲಿ ಶೇ. 1 ಕೂಡ ಇರುವುದಿಲ್ಲ. ಈ ಉಕ್ಕು ಬಾಳುತ್ತದೋ ಒಡೆಯುತ್ತದೋ ಎಂಬುದು ಬಹುಮಟ್ಟಿಗೆ ಅದು ತಣಿದ ವೇಗಕ್ಕೆ ಸೇರಿದ್ದು. ಸುಮಾರು 727 ಡಿಗ್ರಿಗಿಂತ ಕೆಳಗಿಳಿಯುವಾಗ ಒಳಗಿನ ಇಂಗಾಲ ಜಾಗ ಬದಲಿಸಬೇಕು. ನಿಧಾನವಾಗಿ ತಣಿದರೆ ಮೆದು ಕಬ್ಬಿಣವೂ ಗಡಸು ಕಾರ್ಬೈಡೂ ಪದರ ಪದರವಾಗಿ ಕೂರುತ್ತವೆ; ಇದು ಪರ್ಲೈಟ್. ತುಸು ಬೇಗ ತಣಿದರೆ ಪದರಗಳು ತೆಳುವಾಗಿ ಉಕ್ಕಿಗೆ ಬಲ ಹೆಚ್ಚುತ್ತದೆ. ತೀರಾ ಬೇಗ ತಣಿದರೆ ಇಂಗಾಲ ಸರಿಯಲು ಹೊತ್ತೇ ಸಿಗದೆ ಇದ್ದಲ್ಲೇ ಸಿಕ್ಕಿಬೀಳುತ್ತದೆ. ಗಾಜಿನಂತೆ ಬಿರಿಯುವ ಮಾರ್ಟೆನ್ಸೈಟ್ ಹುಟ್ಟುತ್ತದೆ.

‘ಹಾಗಾದರೆ ಕಾರ್ಖಾನೆಯವರೇ ಕಾದ ಗಾಲಿಗೆ ನೀರು ಹಾಯಿಸುತ್ತಾರಲ್ಲ?’ ಎನ್ನುವವರಿದ್ದಾರೆ. ಹಾಯಿಸುತ್ತಾರೆ, ಆದರೆ ಹಳಿಯ ಮೇಲೆ ಉರುಳುವ ಅಂಚಿಗೆ ಮಾತ್ರ, ಅಳೆದು. ಅಂಚು ಮೊದಲು ತಣಿದು ಬಿಗಿಯುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುತ್ತ ಅಂಚನ್ನು ಅದುಮಿ ಹಿಡಿಯುತ್ತದೆ. ಅದುಮಿಟ್ಟ ಉಕ್ಕಿನಲ್ಲಿ ಬಿರುಕು ಬಾಯಿಬಿಡುವುದು ಕಷ್ಟ. ಅಷ್ಟಾದ ಮೇಲೆ ಗಾಲಿಯನ್ನು ಮತ್ತೆ ಹದವಾಗಿ ಕಾಯಿಸುತ್ತಾರೆ.

ನೀರಿಲ್ಲದೆಯೂ ಉಕ್ಕು ತಟ್ಟನೆ ತಣಿಯುತ್ತದೆ. ಇದನ್ನು ಒತ್ತಿ ಹೇಳಲೇಬೇಕು. ಬ್ರೇಕ್ ಬಿಗಿದು ಗಾಲಿ ತಿರುಗದೆ ಹಳಿಯ ಮೇಲೆ ಜಾರಿದರೆ, ತಿಕ್ಕಾಟಕ್ಕೆ ಒಂದು ಚಿಕ್ಕ ಜಾಗ ಕೆಂಪಗೆ ಕಾಯುತ್ತದೆ. ಜಾರುವುದು ನಿಂತ ಮರುಕ್ಷಣ ಸುತ್ತಲಿನ ನೂರಾರು ಕಿಲೋ ತಣ್ಣನೆಯ ಉಕ್ಕು ಆ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಮತ್ತೆ ಹೇಳುತ್ತೇನೆ: ನೀರು ಬೇಡ, ಗಾಳಿಯೂ ಬೇಡ, ಉಕ್ಕನ್ನು ಉಕ್ಕೇ ತಣಿಸುತ್ತದೆ. ಅಲ್ಲಿ ಮಾರ್ಟೆನ್ಸೈಟ್ ಹುಟ್ಟಿ, ಗಾಲಿ ಉರುಳಿದಂತೆ ಚಕ್ಕೆ ಏಳುತ್ತದೆ. ಬೋಗಿ ಹಾಯುವಾಗ ಒಂದೇ ಸಮನೆ ಕೇಳುವ ‘ಡಬ್ ಡಬ್’ ಎಷ್ಟೋ ಸಲ ಹೀಗೆ ಚಪ್ಪಟೆಯಾದ ಜಾಗದ್ದು. ಬಡಿದು ಮಾಡಿದ ಗಾಲಿಗೂ ಇದೇ ಗತಿ. ಎರಕವನ್ನು ದೂರಿ ಏನು ಬಂತು? ಶಿವಾಜಿನಗರದ ಗುಜರಿಯಿಂದ ಎರಕದ ಉಕ್ಕಿನ ಭಾಗ ತಂದು ವೆಲ್ಡಿಂಗ್ ಮಾಡಿಸುವವರೂ ಇದನ್ನು ಕೇಳಬೇಕು. ಬೆಸುಗೆಯ ಪಕ್ಕದ ಉಕ್ಕನ್ನು ದಪ್ಪ ತುಂಡು ತಾನೇ ತಣಿಸುತ್ತಿರುತ್ತದೆ. ಅದರ ಮೇಲೆ ಗಡಸಾಗಲಿ ಎಂದು ನೀರು ಬೇರೆ ಸುರಿಯುತ್ತಾರೆ! ಗಡಸಾಗುತ್ತದೆ ನಿಜ, ಅದಕ್ಕೇ ಒಡೆಯುತ್ತದೆ. ಇಂಗಾಲ ಹೆಚ್ಚಿರುವ ದಪ್ಪ ತುಂಡನ್ನು ಮೊದಲು 200–300 ಡಿಗ್ರಿಗೆ ಕಾಯಿಸಿ ಬೆಸೆಯಿರಿ, ಬೆಸೆದ ಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತಿಡಿ. ಸ್ಟಿಯರಿಂಗ್, ಬ್ರೇಕಿನ ಭಾಗವಾದರೆ ಬೆಸೆಯಲೇಬೇಡಿ, ಹೊಸದನ್ನು ಹಾಕಿಸಿ.