ನಮ್ಮೊಡನೆ ವಲಸೆ ಬಂದವರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಅಮೆರಿಕಕ್ಕೆ ನಾವು ಬಂದಾಗ ಸೂಟ್‌ಕೇಸಿನ ಜೊತೆಗೆ ವೀಸಾ ಇಲ್ಲದ ಅಸಂಖ್ಯಾತ ಪ್ರಯಾಣಿಕರನ್ನೂ ಕರೆತಂದೆವು. ಅವೇ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು. 2016ರ ಒಂದು ಅಂದಾಜಿನಂತೆ ದೇಹದಲ್ಲಿ ನಮ್ಮವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಇವುಗಳ ಒಟ್ಟು ತೂಕ ಮಾತ್ರ ಸುಮಾರು 200 ಗ್ರಾಂ!

ಇವು ಬಿಟ್ಟಿ ಊಟದ ಅತಿಥಿಗಳಲ್ಲ. ಸೊಪ್ಪು, ಕಾಳು, ರಾಗಿಯಲ್ಲಿರುವ ನಾರನ್ನು ಅರಗಿಸುವ ಶಕ್ತಿ ನಮಗಿಲ್ಲ. ಇವು ಅದನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಬ್ಯುಟಿರೇಟೇ ಮುಖ್ಯ ಆಹಾರ. ಜೊತೆಗೆ, ರೋಗಾಣುಗಳು ನೆಲೆಯೂರಲು ಇವು ಜಾಗ ಕೊಡುವುದಿಲ್ಲ.

ವಲಸೆ ಬಂದವರಲ್ಲಿ ಇವುಗಳ ಗತಿ ಏನಾಗುತ್ತದೆ? ಥಾಯ್ಲೆಂಡ್‌ನಿಂದ ಮಿನ್ನೆಸೋಟಕ್ಕೆ ಬಂದ ಮೊಂಗ್ ಮತ್ತು ಕರೆನ್ ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಬಂದ ಕೆಲವೇ ತಿಂಗಳಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗತೊಡಗಿತ್ತು. ನಾರು ಅರಗಿಸುವ ತಳಿಗಳೂ ಕಡಿಮೆಯಾಗಿದ್ದವು. ಇಲ್ಲೇ ಹುಟ್ಟಿದ ಎರಡನೇ ಪೀಳಿಗೆಯಲ್ಲಿ ವೈವಿಧ್ಯ ಇನ್ನೂ ಕಡಿಮೆ. ಬದಲಾದ ಊಟ ಇದಕ್ಕೊಂದು ಕಾರಣ, ಆದರೆ ಅದೊಂದೇ ಅಲ್ಲ. ಅಲ್ಲಿ ಪರೀಕ್ಷೆಗೊಳಗಾದವರು ಕನ್ನಡಿಗರಲ್ಲ, ನಿಜ. ಆದರೂ ನಮ್ಮ ಮಕ್ಕಳ ತಟ್ಟೆಯನ್ನು ನೋಡಿದರೆ ಯೋಚಿಸಬೇಕಾದ ಮಾತೇ.

ಇನ್ನೊಂದು ವಿಷಯ. ಊರಿಂದ ಬರುವಾಗ ಸಾರಿನ ಪುಡಿ, ಚಟ್ನಿಪುಡಿಯೊಂದಿಗೆ ಆಂಟಿಬಯಾಟಿಕ್ ಮಾತ್ರೆಗಳನ್ನೂ ತಂದು, ನೆಗಡಿಯಾದರೆ ಎರಡು ನುಂಗುವವರು ನಮ್ಮಲ್ಲಿದ್ದಾರೆ. ನೆಗಡಿ ವೈರಸ್ಸಿನಿಂದ ಬರುವಂಥದು. ಆ ಮಾತ್ರೆ ಅದನ್ನು ಮುಟ್ಟುವುದಿಲ್ಲ, ಸಾಯುವುದು ಕರುಳಿನ ಸಾಧು ಜೀವಿಗಳು. ಹೀಗೆ ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬುದು ಬೆಳೆದರೆ ತೀವ್ರ ಭೇದಿ. ನಮ್ಮನ್ನು ನೋಡಲು ಬರುವ ವಯಸ್ಸಾದ ತಂದೆತಾಯಿಯರಂಥವರಿಗೆ ಪ್ರಾಣಕ್ಕೇ ಅಪಾಯ. ಇದು ಮತ್ತೆ ಮತ್ತೆ ಮರುಕಳಿಸುತ್ತಿದ್ದ 16 ರೋಗಿಗಳಿಗೆ ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಸೇರಿಸಿದಾಗ 13 ಮಂದಿ ಒಂದೇ ಸಲಕ್ಕೆ ಗುಣವಾದರೆಂದು 2013ರಲ್ಲಿ ವರದಿಯಾಯಿತು. ಮೂಗು ಮುಚ್ಚಿಕೊಳ್ಳಬೇಡಿ! ಕಳೆದುಹೋದ ಬ್ಯಾಕ್ಟೀರಿಯಾಗಳ ಬೆಲೆ ಅಷ್ಟು.

ಹಾಗಾದರೆ ನಾವು ಮಾಡಬೇಕಾದ್ದೇನು? ವೈದ್ಯರು ಹೇಳದೆ ಆಂಟಿಬಯಾಟಿಕ್ ಬೇಡ. ಹೇಳಿದಾಗ ಬಿಡುವುದೂ ಬೇಡ. ಇಡ್ಲಿ ಹಿಟ್ಟು ಹುದುಗಿಸಿದ ಜೀವಿಗಳು ಹಬೆಯಲ್ಲಿ ಸಾಯುತ್ತವೆ. ಮನೆಯ ಮೊಸರಿನವು ಬದುಕಿರುತ್ತವೆ. ಎಲ್ಲಕ್ಕಿಂತ ಮುಖ್ಯ, ಹುರುಳಿಕಾಳು, ಸೊಪ್ಪಿನ ಹುಳಿ, ರಾಗಿಮುದ್ದೆ ಹಬ್ಬದ ದಿನದ ನೆನಪಾಗದೆ ವಾರದ ಊಟವಾಗಲಿ. ಆಡದಿದ್ದರೆ ಭಾಷೆ ಉಳಿಯದು, ಉಣಿಸದಿದ್ದರೆ ಇವೂ ಉಳಿಯವು. ಎರಡನ್ನೂ ಮಕ್ಕಳಿಗೆ ದಾಟಿಸುವ ಹೊಣೆ ನಮ್ಮದು.