ಅಂದಾಜು ಸಾಲದು, ಅಳತೆ ಬೇಕು

(ನಮ್ಮ ಸಂಘದ ಮಹಿಳಾ ವೇದಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ಇತ್ತೀಚಿನ ವೈಜ್ಞಾನಿಕ ಸಂಶೋಧನೆಗಳ ಬಗ್ಗೆ ಮಾತಾಡಿ. ವೈದ್ಯಕೀಯ, ದಂತವೈದ್ಯಕೀಯ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಎಲ್ಲವೂ ಬರಲಿ, ಆದರೆ ಊಟದ ಹೊತ್ತು ಮೀರದಿರಲಿ" ಎಂದು ಸಂಚಾಲಕಿಯವರು ಹೇಳಿದ್ದಾರೆ. ನಾಲ್ಕು ಶಾಸ್ತ್ರ, ಇಪ್ಪತ್ತು ನಿಮಿಷ! ನಾನು ಡಾಕ್ಟರ್ ಅಲ್ಲ. ಎಂಟೆಕ್ ಓದಿ, ಇಲ್ಲೇ ಪುಣೆಯ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು. ಹಾಗಾಗಿ ಒಂದೊಂದು ಕ್ಷೇತ್ರದಿಂದ ಒಂದೊಂದು ಸುದ್ದಿ ಹೆಕ್ಕಿ ಓದುವ ಬದಲು, ಈ ನಾಲ್ಕೂ ಕ್ಷೇತ್ರಗಳು ಕೈಜೋಡಿಸಿ ಬಿಡಿಸುತ್ತಿರುವ ಒಂದೇ ಒಂದು ಸಮಸ್ಯೆಯ ಕಥೆ ಹೇಳುತ್ತೇನೆ. ಅದು ಹೆರಿಗೆಯ ನಂತರದ ಅತಿ ರಕ್ತಸ್ರಾವ.

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70,000 ತಾಯಂದಿರು ಹೆರಿಗೆಯ ನಂತರ ರಕ್ತ ನಿಲ್ಲದೆ ಸಾಯುತ್ತಿದ್ದರು. ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸಾಮಾನ್ಯ ಹೆರಿಗೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎಂದು ವೈದ್ಯರು ಬಹುಕಾಲದಿಂದ ಪರಿಗಣಿಸುತ್ತ ಬಂದಿದ್ದಾರೆ. ನಮ್ಮ ಮನೆಯ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ನೆನೆಸಿಕೊಳ್ಳಿ, ಅಷ್ಟು. ಆದರೆ ಹಾಲು ಪ್ಯಾಕೆಟ್ಟಿನಲ್ಲಿ ಇರುತ್ತದೆ. ರಕ್ತ ಹಾಸಿಗೆಗೆ, ಬಟ್ಟೆಗೆ, ನೆಲಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಅಳೆಯುವವರು ಯಾರು?

ಮೊದಲು ರಸಾಯನಶಾಸ್ತ್ರಕ್ಕೆ ಬರುತ್ತೇನೆ. ಅದರ ನಾಯಕಿ ಜಪಾನಿನ ಡಾ. ಉತಾಕೊ ಒಕಾಮೊಟೊ. 1918ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧ ಮುಗಿದ ಜಪಾನಿನಲ್ಲಿ ಹಣವಿಲ್ಲ, ಉಪಕರಣವಿಲ್ಲ. ಅವರು ಮತ್ತು ಪತಿ ಶೋಸುಕೆ ಒಕಾಮೊಟೊ ರಕ್ತದ ಮೇಲೆ ಸಂಶೋಧನೆ ಮಾಡಲು ಆರಿಸಿಕೊಂಡದ್ದಕ್ಕೆ ಒಂದು ಕಾರಣ ಬಹಳ ಸರಳ: ಪ್ರಯೋಗಕ್ಕೆ ಬೇಕಾದ ವಸ್ತು ಸಾಲದಿದ್ದರೆ ತಮ್ಮ ಮೈಯಿಂದಲೇ ತೆಗೆಯಬಹುದಿತ್ತು. ಮಗಳನ್ನು ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಉತಾಕೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿ ಕುಳಿತಿರುವ ಎಷ್ಟೋ ಜನರಿಗೆ ಈ ಚಿತ್ರವನ್ನು ನಾನು ವಿವರಿಸಬೇಕಾಗಿಲ್ಲ.

ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಬಾಣಂತಿಯರ ರಕ್ತಸ್ರಾವದ್ದೇ. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಫೈಬ್ರಿನ್ ಎಂಬ ನಾರಿನ ಬಲೆ ಇರುತ್ತದೆ. ಹೆಪ್ಪಿನ ಕೆಲಸ ಮುಗಿದ ಮೇಲೆ ಆ ಬಲೆಯನ್ನು ಕತ್ತರಿಸಲು ದೇಹದಲ್ಲೇ ಪ್ಲಾಸ್ಮಿನ್ ಎಂಬ ಕತ್ತರಿಯೂ ಇದೆ. ಹೆರಿಗೆಯ ಹೊತ್ತಿನಲ್ಲಿ ಈ ಕತ್ತರಿ ಬೇಗನೆ ಚುರುಕಾದರೆ ಹೆಪ್ಪು ನಿಲ್ಲುವುದಿಲ್ಲ. ಕತ್ತರಿಯು ಬಲೆಯನ್ನು ಹಿಡಿದುಕೊಳ್ಳುವುದು ಲೈಸಿನ್ ಎಂಬ ಅಮೈನೋ ಆಮ್ಲ ಇರುವ ಜಾಗಗಳಲ್ಲಿ. ಲೈಸಿನ್ ನಮಗೆ ಅಪರಿಚಿತವಲ್ಲ, ದಿನನಿತ್ಯದ ತೊಗರಿಬೇಳೆ, ಹೆಸರುಬೇಳೆಗಳಲ್ಲಿ ಇರುವಂಥದ್ದು. ಒಕಾಮೊಟೊ ದಂಪತಿ ಲೈಸಿನ್ನಿನಿಂದ ಹೊರಟು, ಅದನ್ನು ಹೋಲುವ ಒಂದೊಂದೇ ಅಣುವನ್ನು ಪರೀಕ್ಷಿಸುತ್ತ ಹೋದರು. 1962ರಲ್ಲಿ ಪ್ರಕಟಿಸಿದ ಅಣುವಿನ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಅದು ಕತ್ತರಿಯ ಹಿಡಿತದಲ್ಲಿ ತಾನೇ ಹೋಗಿ ಕುಳಿತುಬಿಡುತ್ತದೆ. ಕತ್ತರಿಗೆ ಬಲೆ ಸಿಗುವುದಿಲ್ಲ, ಹೆಪ್ಪು ಉಳಿಯುತ್ತದೆ.

ಔಷಧ ಸಿಕ್ಕಿತು, ಇನ್ನೇನು ಬಾಣಂತಿಯರು ಉಳಿದರು ಎಂದುಕೊಳ್ಳಬೇಡಿ. ಇದನ್ನು ಹೆರಿಗೆ ವಾರ್ಡಿನಲ್ಲಿ ಪರೀಕ್ಷಿಸಿ ನೋಡಿ ಎಂದು ಉತಾಕೊ ಕೇಳಿಕೊಂಡರೂ ಅಲ್ಲಿನ ವೈದ್ಯರು ಮುಂದೆ ಬರಲಿಲ್ಲ. ಔಷಧ ಮಾತ್ರ ಬೇರೆ ದಾರಿ ಹಿಡಿದು ಜಗತ್ತು ಸುತ್ತಿತು. ಆ ದಾರಿಯಲ್ಲಿ ಸಿಗುವುದು ದಂತವೈದ್ಯಕೀಯ.

ಹೀಮೋಫಿಲಿಯಾ ಇರುವವರಿಗೆ ಒಂದು ಹಲ್ಲು ಕೀಳುವುದೂ ಪ್ರಾಣಾಪಾಯ. ಬಾಯಿಯೊಳಗೆ ಆ ಕತ್ತರಿಯ ಚಟುವಟಿಕೆ ಜಾಸ್ತಿ, ಜೊಲ್ಲು ಹರಿಯುತ್ತಲೇ ಇರುತ್ತದೆ, ಹೆಪ್ಪು ಬೇಗ ಕರಗುತ್ತದೆ. ಅಮೆರಿಕದಲ್ಲಿ ಟ್ರಾನೆಕ್ಸಾಮಿಕ್ ಆಸಿಡ್‌ಗೆ 1986ರಲ್ಲಿ ಅನುಮತಿ ಸಿಕ್ಕಿದ್ದು ಇಂಥ ರೋಗಿಗಳ ಹಲ್ಲು ಕೀಳುವ ಸಂದರ್ಭಕ್ಕಾಗಿಯೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದೇ ಔಷಧವನ್ನು ಬಾಯಿ ಮುಕ್ಕಳಿಸುವ ದ್ರವವಾಗಿ ಕೊಟ್ಟು, ಮಾತ್ರೆ ನಿಲ್ಲಿಸದೆಯೇ ಹಲ್ಲು ತೆಗೆಯಬಹುದೆಂದು ನಂತರದ ಅಧ್ಯಯನಗಳು ತೋರಿಸಿದವು. ನಮ್ಮ ಮನೆಗಳಲ್ಲಿ ಹೃದಯದ ತೊಂದರೆಗೆ ಇಂಥ ಮಾತ್ರೆ ನುಂಗುವ ಅತ್ತೆ ಮಾವಂದಿರು ಇದ್ದಾರೆ. ಹಲ್ಲು ಕೀಳಿಸಬೇಕು ಎಂದು ತಾವಾಗಿಯೇ ಮಾತ್ರೆ ನಿಲ್ಲಿಸಲು ಬಿಡಬೇಡಿ. ಯಾವ ಮಾತ್ರೆ ಎಂದು ಡೆಂಟಿಸ್ಟರಿಗೆ ಮೊದಲೇ ತೋರಿಸಿ, ಉಳಿದದ್ದನ್ನು ಇಬ್ಬರು ವೈದ್ಯರೂ ಮಾತಾಡಿ ತೀರ್ಮಾನಿಸಲಿ.

ಮುಟ್ಟಿನ ಅತಿಸ್ರಾವಕ್ಕೂ ಈ ಮಾತ್ರೆ ಬಂತು. ರಸ್ತೆ ಅಪಘಾತದ ಗಾಯಾಳುಗಳಿಗೂ ಬಂತು. 2010ರಲ್ಲಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲಿನ ಪರೀಕ್ಷೆ ಇದು ಜೀವ ಉಳಿಸುತ್ತದೆ ಎಂದು ಸಾಬೀತು ಮಾಡಿತು. ಯಾವ ಪ್ರಶ್ನೆಗಾಗಿ ಇದು ಹುಟ್ಟಿತೋ ಆ ಪ್ರಶ್ನೆಯ ಸರದಿ ಮಾತ್ರ ಕೊನೆಗೆ ಬಂತು.

ಈಗ ವೈದ್ಯಕೀಯ. 21 ದೇಶಗಳ 193 ಆಸ್ಪತ್ರೆಗಳಲ್ಲಿ, ಹೆರಿಗೆಯ ನಂತರ ರಕ್ತಸ್ರಾವವಾಗುತ್ತಿದ್ದ 20,060 ಮಹಿಳೆಯರ ಮೇಲೆ 'ವುಮನ್' ಎಂಬ ಹೆಸರಿನ ಪರೀಕ್ಷೆ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2017ರ ಏಪ್ರಿಲ್‌ನಲ್ಲಿ. ಮೂರು ಗಂಟೆಯೊಳಗೆ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಉತಾಕೊ ಒಕಾಮೊಟೊ 2016ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ತಮ್ಮ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಅವರು ನೋಡಲಿಲ್ಲ. 1962ರಿಂದ 2017. ಐವತ್ತೈದು ವರ್ಷ.

ಮೂರು ಗಂಟೆ ಎಂದೆನಲ್ಲ, ಅದರೊಳಗೂ ಪ್ರತಿ ನಿಮಿಷಕ್ಕೆ ಬೆಲೆ ಇದೆ. ತಡವಾದ ಪ್ರತಿ 15 ನಿಮಿಷಕ್ಕೆ ಔಷಧದ ಪ್ರಯೋಜನ ಸುಮಾರು ಶೇ. 10ರಷ್ಟು ಕುಗ್ಗುತ್ತದೆ ಎಂದು 2018ರ ವಿಶ್ಲೇಷಣೆ ಹೇಳುತ್ತದೆ. ಅಂದರೆ ಔಷಧ ಇದ್ದರೆ ಸಾಲದು, ಅತಿಯಾಗಿ ರಕ್ತ ಹೋಗುತ್ತಿದೆ ಎಂಬುದು ಆ ಕ್ಷಣಕ್ಕೆ ಗೊತ್ತಾಗಬೇಕು. ನಮ್ಮ ಐಟಿ ಕೆಲಸದಲ್ಲಿ ಸರ್ವರ್ ಮೇಲೆ ಸದಾ ಒಂದು ಕಣ್ಣಿಡುವ ವ್ಯವಸ್ಥೆ ಇರುತ್ತದೆ. ಇಂಥ ಮಿತಿ ದಾಟಿದರೆ ತಕ್ಷಣ ಅಲರ್ಟ್ ಬರಬೇಕು. ಅಳತೆಯೇ ಇಲ್ಲದಿದ್ದರೆ ಅಲರ್ಟ್ ಎಲ್ಲಿಂದ ಬರುತ್ತದೆ? ಹೆರಿಗೆ ಕೋಣೆಯಲ್ಲಿ ಬಹುಪಾಲು ಇದ್ದದ್ದು ಕಣ್ಣಂದಾಜು. ಇಲ್ಲಿ ಎಂಜಿನಿಯರಿಂಗ್ ಬರುತ್ತದೆ, ಜೊತೆಗೆ ನಮ್ಮ ಬೆಳಗಾವಿಯೂ ಬರುತ್ತದೆ.

ಪುಣೆಯಿಂದ ಊರಿಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ಬೆಳಗಾವಿ ದಾಟಿಯೇ ಹೋಗುತ್ತೇವೆ. ಕುಂದಾ ಕಟ್ಟಿಸಿಕೊಳ್ಳುತ್ತೇವೆ. ಅದೇ ಊರಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಶಿವಪ್ರಸಾದ ಗೌಡರ್, ಡಾ. ಬಿ. ಎಸ್. ಕೊಡ್ಕಣಿ ಮೊದಲಾದವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂ ಸೋದರಿಯರು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. 1,620 ಮಹಿಳೆಯರು ಭಾಗವಹಿಸಿದರು. ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಆದರೆ ಹಳ್ಳಿಯ ಮನೆಯಲ್ಲಿ ರಕ್ತ ಎಷ್ಟು ಹೋಯಿತೆಂದು ಅಳೆಯುವುದು ಹೇಗೆ? ಅದಕ್ಕಾಗಿ ಅವರು ಒಂದು ಪ್ಲಾಸ್ಟಿಕ್ ಹಾಸು ರೂಪಿಸಿದರು. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸಿ, ದಾರದಿಂದ ಸೊಂಟಕ್ಕೆ ಕಟ್ಟುವಂಥದ್ದು. ಕೆಳಗೆ ಆಲಿಕೆಯ ಆಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಬ್ಯಾಟರಿ ಇಲ್ಲ, ಪರದೆ ಇಲ್ಲ, ಆ್ಯಪ್ ಇಲ್ಲ. ಅದಕ್ಕೆ 'ಬ್ರಾಸ್-ವಿ' ಎಂದು ಹೆಸರು. ಅದು ತಯಾರಿಸಿದವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು. ಇದೇ ಹಾಸನ್ನು ಬಳಸಿ ಬೆಳಗಾವಿಯಲ್ಲಿ ಇನ್ನೊಂದು ಹೋಲಿಕೆಯನ್ನೂ ಮಾಡಿದರು. ನುರಿತವರ ಕಣ್ಣಂದಾಜು, ಹಾಸಿನ ಅಳತೆಗಿಂತ ಶೇ. 33ರಷ್ಟು ಕಡಿಮೆ ಬಂತು! ಮೂರು ಲೋಟ ರಕ್ತ ಹೋಗಿದ್ದರೆ ಕಣ್ಣು ಎರಡೇ ಲೋಟ ಎನ್ನುತ್ತದೆ.

2023ರಲ್ಲಿ ಈ ಕಥೆಯ ತುಂಡುಗಳೆಲ್ಲ ಒಂದೆಡೆ ಸೇರಿದವು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ 'ಇ-ಮೋಟಿವ್' ಎಂಬ ಪರೀಕ್ಷೆ ನಡೆಯಿತು. ಅರ್ಧದಷ್ಟು ಆಸ್ಪತ್ರೆಗಳಿಗೆ ಗೆರೆ ಹಾಕಿದ ಇಂಥದೇ ಹಾಸು ಕೊಟ್ಟರು. ರಕ್ತ ಗೆರೆ ಮುಟ್ಟಿದರೆ ಕಾಯದೆ ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಯುವ ಔಷಧ, ನಮ್ಮ ಉತಾಕೊ ಅವರ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕೆಂದು ಸಿಬ್ಬಂದಿಗೆ ತರಬೇತಿ ಕೊಟ್ಟರು. ಉಳಿದ ಆಸ್ಪತ್ರೆಗಳಲ್ಲಿ ಗೆರೆಯಿಲ್ಲದ ಹಾಸು, ಎಂದಿನ ಚಿಕಿತ್ಸೆ. ಎಂದಿನ ಪದ್ಧತಿಯಲ್ಲಿ ಅತಿ ರಕ್ತಸ್ರಾವದ ಸುಮಾರು ಅರ್ಧದಷ್ಟು ಪ್ರಕರಣಗಳು ಮಾತ್ರ ಗುರುತಾದವು. ಹೊಸ ಪದ್ಧತಿಯಲ್ಲಿ ಶೇ. 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಸಾವು, ಇವೆಲ್ಲ ಸೇರಿ ಶೇ. 4.3 ಇದ್ದದ್ದು ಶೇ. 1.6ಕ್ಕೆ ಇಳಿಯಿತು. ಹೊಸ ಅಣು ಯಾವುದೂ ಇಲ್ಲ. ಇದ್ದ ಔಷಧಗಳೇ. ಅಳತೆ, ಕ್ರಮ ಮತ್ತು ವೇಗ ಮಾತ್ರ ಹೊಸತು.

ಸಂಶೋಧನೆ ಪ್ರತಿ ಸಲವೂ ಹೌದು ಎನ್ನುವುದಿಲ್ಲ, ಅದನ್ನೂ ಹೇಳಬೇಕು. ರಕ್ತಹೀನತೆ ಇರುವ ತಾಯಂದಿರಿಗೆ ಮಗು ಹುಟ್ಟಿದ ಕೂಡಲೇ, ರಕ್ತಸ್ರಾವ ಶುರುವಾಗುವ ಮೊದಲೇ, ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ತಡೆಯಬಹುದೇ ಎಂದು 15,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ಪರೀಕ್ಷಿಸಿದರು. 2023ರಲ್ಲಿ ಬಂದ ಉತ್ತರ: ತಡೆಯಲಾಗಲಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತನ್ನು ಖಚಿತವಾಗಿ ಹೇಳಿತು. ಹಿಮೋಗ್ಲೋಬಿನ್ ಕಡಿಮೆಯಾದಷ್ಟೂ ಅತಿ ರಕ್ತಸ್ರಾವದ ಅಪಾಯ ಹೆಚ್ಚು. ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ತುಂಬಿದ ಬಿಂದಿಗೆಯಿಂದ ಒಂದು ಚೊಂಬು ಚೆಲ್ಲುವುದಕ್ಕೂ, ಅರ್ಧ ಬಿಂದಿಗೆಯಿಂದ ಒಂದು ಚೊಂಬು ಚೆಲ್ಲುವುದಕ್ಕೂ ವ್ಯತ್ಯಾಸವಿದೆ ಅಲ್ಲವೇ?

ಇದರಿಂದ ನಮಗೇನು ಎಂದು ಕೇಳಬಹುದು. ನಾವೆಲ್ಲ ಊರು ಬಿಟ್ಟು ಬಂದವರು. ತವರಿನಲ್ಲಿ ಸೂಲಗಿತ್ತಿ ಅಜ್ಜಿ, ದೊಡ್ಡಮ್ಮ, ಅತ್ತಿಗೆ ಎಂದು ಹತ್ತು ಕಣ್ಣು ಬಾಣಂತಿಯ ಮೇಲಿರುತ್ತಿದ್ದವು. ಇಲ್ಲಿ ಒಂದು ಫ್ಲ್ಯಾಟು, ಗಾಬರಿಯಾದ ಗಂಡ, ಫೋನಿನಲ್ಲಿ ಅಮ್ಮ. ಹಾಗಾಗಿ ನಾವೇ ಕೆಲವು ಮಾತು ತಿಳಿದಿರಬೇಕು.

ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಹಿಮೋಗ್ಲೋಬಿನ್ ಎಷ್ಟು ಎಂದು ಅಂಕಿಯಲ್ಲೇ ಕೇಳಿ. "ಪರವಾಗಿಲ್ಲ, ಚೆನ್ನಾಗಿದ್ದಾಳೆ" ಎಂಬುದು ಅಂಕಿ ಅಲ್ಲ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ನುಂಗುತ್ತಿದ್ದಾಳೆಯೇ ನೋಡಿ. ಹೆರಿಗೆಗೆ ಆಸ್ಪತ್ರೆ ಗೊತ್ತು ಮಾಡುವಾಗ ರೂಮಿಗೆ ಎಸಿ ಇದೆಯೇ ಎಂದು ಕೇಳುವಂತೆಯೇ, ರಕ್ತ ಎಷ್ಟು ಹೋಯಿತೆಂದು ಹೇಗೆ ಅಳೆಯುತ್ತೀರಿ, ಬೇಕಾದರೆ ರಕ್ತ ಎಲ್ಲಿಂದ ತರುತ್ತೀರಿ ಎಂದೂ ವಿನಯದಿಂದ ಕೇಳಿ. ಹೆರಿಗೆಯ ನಂತರದ ಮೊದಲ ದಿನ ತಾಯಿಯನ್ನು ಒಬ್ಬಳನ್ನೇ ಬಿಡಬೇಡಿ. ಎಲ್ಲರೂ ಮಗುವಿನ ಮೂಗು ಯಾರದ್ದು, ಕಣ್ಣು ಯಾರದ್ದು ಎಂದು ನೋಡುತ್ತಿರುವಾಗ ಒಬ್ಬರಾದರೂ ಬಾಣಂತಿಯ ಮುಖ ನೋಡುತ್ತಿರಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ಒದ್ದೆಯಾಗುತ್ತಿದ್ದರೆ, ತಲೆ ಸುತ್ತು, ತಣ್ಣನೆಯ ಬೆವರು, ಎದೆ ಡವಡವ, ತಳಮಳ ಇದ್ದರೆ ತಕ್ಷಣ ನರ್ಸನ್ನು ಕರೆಯಿರಿ. ಮನೆಗೆ ಬಂದ ಮೇಲೂ ಹೀಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಇಲ್ಲಿ ಹೇಳಿದ ಔಷಧಗಳು ಕೊಡಬೇಕಾದದ್ದು ವೈದ್ಯರು ಮತ್ತು ದಾದಿಯರು. ನಮ್ಮ ಕೆಲಸ ಬೇಗ ಗಮನಿಸುವುದು, ಬೇಗ ಹೇಳುವುದು.

ಇನ್ನು ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರು ಈ ಸಭೆಯಲ್ಲೂ ಇರಬಹುದು. "ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ನುಂಗಿಕೊಂಡವರು. ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಎಂದು ಎರಡು ಮೂರು ತಿಂಗಳು ಬರೆದಿಟ್ಟು ಆ ಚೀಟಿಯೊಂದಿಗೆ ವೈದ್ಯರ ಬಳಿ ಹೋಗಿ. ಅಳತೆಯ ಮುಂದೆ "ಇದ್ದದ್ದೇ" ಎಂಬ ಮಾತು ಸುಲಭವಾಗಿ ನಿಲ್ಲುವುದಿಲ್ಲ.

ಬೆನ್ನಿಗೆ ಮಗು ಕಟ್ಟಿಕೊಂಡ ಒಬ್ಬ ತಾಯಿ ಕೇಳಿದ ಪ್ರಶ್ನೆ, ಬೆಳಗಾವಿಯ ಹಳ್ಳಿಯ ಎಎನ್‌ಎಂ ಕಟ್ಟಿದ ಹಾಸು, ಆಫ್ರಿಕಾದ ದಾದಿಯರ ಚುರುಕು, ಇವೆಲ್ಲ ಸೇರಿ ಒಂದು ಉತ್ತರ ಸಿದ್ಧವಾಗಿದೆ. ಅದು ನಮ್ಮ ನಮ್ಮ ಮನೆಯ ಹೆರಿಗೆ ಕೋಣೆಗೆ ತಲುಪಲು ಇನ್ನೂ ಐವತ್ತೈದು ವರ್ಷ ಬೇಡ. ಕೇಳಿದರೆ ಬೇಗ ತಲುಪುತ್ತದೆ.

 ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲೂ ಕೇಳಬಹುದು.